‘ದೇವರನ್ನು ಮಾಡಿದ್ದು ಯಾರು?’ ಎಂದು ಕೇಳುವ ಮಗುವನ್ನು ಸುಮ್ಮನಾಗಿಸಬೇಡಿ: ವಿಜ್ಞಾನ ಶಿಕ್ಷಕರಿಗೆ ಒಂದು ಬಹಿರಂಗ ಪತ್ರ

ನಾಡಿನ ಪ್ರೌಢಶಾಲೆಗಳ ವಿಜ್ಞಾನ ಶಿಕ್ಷಕ, ಶಿಕ್ಷಕಿಯರಿಗೆ ನಮಸ್ಕಾರ.

ನಕ್ಷತ್ರ, ಬ್ರಹ್ಮಾಂಡದ ಮಾತು ಬಂದ ದಿನ ತರಗತಿಯಲ್ಲಿ ಯಾವುದಾದರೂ ಒಂದು ಮಗು ಕೈ ಎತ್ತೇ ಎತ್ತುತ್ತದೆ. ‘ಸರ್, ಎಲ್ಲಾನೂ ದೇವರು ಮಾಡಿದ ಅಂತಾರಲ್ಲ, ಹಾಗಾದ್ರೆ ದೇವರನ್ನ ಮಾಡಿದ್ದು ಯಾರು?’ ಇದಕ್ಕೆ ಮಕ್ಕಳಿಗೆ ಸಿಗುವ ಉತ್ತರ ಸಾಮಾನ್ಯವಾಗಿ ಎರಡೇ. ‘ಅಧಿಕಪ್ರಸಂಗ ಮಾಡಬೇಡ, ಕೂತ್ಕೋ’ ಅನ್ನುವುದು ಒಂದು. ‘ದೇವರು ಗೀವರು ಎಲ್ಲ ಸುಳ್ಳು, ವಿಜ್ಞಾನ ಅದನ್ನ ಯಾವತ್ತೋ ತಳ್ಳಿಹಾಕಿದೆ’ ಅನ್ನುವುದು ಇನ್ನೊಂದು. ನನ್ನ ಮಗಳಿಗೆ ಶಾಲೆಯಲ್ಲಿ ಸಿಕ್ಕಿದ್ದು ಮೊದಲನೆಯದು. ಅವಳ ಗೆಳತಿಗೆ ಟ್ಯೂಷನ್‌ನಲ್ಲಿ ಸಿಕ್ಕಿದ್ದು ಎರಡನೆಯದು. ಇಬ್ಬರೂ ಆಮೇಲೆ ಆ ಪ್ರಶ್ನೆ ಎತ್ತಲಿಲ್ಲ. ಅದಕ್ಕೇ ಈ ಪತ್ರ.

ನಾನು ದೇವರನ್ನು ನಂಬುವವಳು. ಶರಣಬಸವೇಶ್ವರ ಜಾತ್ರೆಗೆ ಹೋದರೆ ತೇರಿಗೆ ಬಾಳೆಹಣ್ಣು, ಉತ್ತತ್ತಿ ಎಸೆದು ಕೈ ಮುಗಿಯುತ್ತೇನೆ. ಮನೆಯಲ್ಲಿ ಸಂಜೆ ದೀಪ ಹಚ್ಚುತ್ತೇನೆ. ನಂಬುವವಳಾಗಿಯೇ ಕೇಳುತ್ತಿದ್ದೇನೆ: ಆ ಪ್ರಶ್ನೆಗೆ ದಯವಿಟ್ಟು ಜಾಗ ಕೊಡಿ. ಅದು ಹೊರಗಿನಿಂದ ಬಂದ ಪ್ರಶ್ನೆ ಅಲ್ಲ. ನಮ್ಮ ನೆಲದಲ್ಲೇ, ನಮ್ಮ ದೊಡ್ಡವರೇ ಕೇಳಿಕೊಂಡು ಬಂದದ್ದು.

ಕಲಬುರಗಿಯಿಂದ ಸೇಡಂ ರಸ್ತೆ ಹಿಡಿದು ಹೋದರೆ ಕಾಗಿಣಾ ನದಿಯ ದಂಡೆಯಲ್ಲಿ ಮಳಖೇಡ ಸಿಗುತ್ತದೆ. ಹಳೆಯ ಕೋಟೆ, ಒಂದು ಬಸದಿ, ಸುತ್ತಮುತ್ತ ಸಿಮೆಂಟ್ ಕಾರ್ಖಾನೆ. ರಸ್ತೆ ತುಂಬ ಲಾರಿಗಳು. ನಮ್ಮ ಕಡೆಯ ಎಷ್ಟೋ ಮಕ್ಕಳಿಗೆ ಆ ಊರು ಗೊತ್ತಿರುವುದೇ ಸಿಮೆಂಟಿನಿಂದ. ಒಂಬತ್ತನೇ ಶತಮಾನದಲ್ಲಿ ಅದು ಮಾನ್ಯಖೇಟ, ರಾಷ್ಟ್ರಕೂಟರ ರಾಜಧಾನಿ. ಅಲ್ಲಿಂದ ಆಳಿದ ಅಮೋಘವರ್ಷ ನೃಪತುಂಗ ಗುರುವೆಂದು ಗೌರವಿಸಿದ ಜೈನ ಆಚಾರ್ಯರು ಜಿನಸೇನರು. ಅವರು ಸಂಸ್ಕೃತದಲ್ಲಿ ಬರೆದ ಆದಿಪುರಾಣದ ನಾಲ್ಕನೇ ಪರ್ವದಲ್ಲಿ ಪ್ರಶ್ನೆಗಳ ಒಂದು ಸಾಲೇ ಇದೆ.

ಅದರ ಸಾರವನ್ನು ನನ್ನ ಮಾತಿನಲ್ಲಿ ಹೇಳುತ್ತೇನೆ. ಲೋಕವನ್ನು ದೇವರು ಮಾಡಿದ ಅಂದರೆ, ಮಾಡುವ ಮೊದಲು ಅವನು ಎಲ್ಲಿ ನಿಂತಿದ್ದ? ಯಾವ ಸಾಮಗ್ರಿಯಿಂದ ಮಾಡಿದ? ಸಾಮಗ್ರಿಯನ್ನೂ ಅವನೇ ಮಾಡಿಕೊಂಡ ಅಂದರೆ, ಅದನ್ನು ಮಾಡಲು ಮತ್ತೊಂದು ಸಾಮಗ್ರಿ ಬೇಕಾಯಿತು. ಹೀಗೆ ಹೋದರೆ ಕೊನೆ ಎಲ್ಲಿ? ಸಾಮಗ್ರಿ ತಾನಾಗಿಯೇ ಇತ್ತು ಅಂದರೆ, ಲೋಕವೂ ತಾನಾಗಿಯೇ ಇದ್ದಿರಬಾರದೇಕೆ? ಅವನಿಗೆ ಯಾವ ಕೊರತೆಯೂ ಇಲ್ಲ ಅಂತೀರಿ, ಹಾಗಿದ್ದರೆ ಮಾಡಬೇಕೆಂಬ ಆಸೆ ಯಾಕೆ ಹುಟ್ಟಿತು? ಕೊರತೆ ಇದೆ ಅಂದರೆ, ಕುಂಬಾರನ ಕೈಲಾಗದ್ದು ಅವನ ಕೈಲಿ ಹೇಗಾಗುತ್ತದೆ? ಕರುಣೆಯಿಂದ ಮಾಡಿದ ಅಂದರೆ, ಲೋಕದಲ್ಲಿ ಇಷ್ಟೊಂದು ದುಃಖ ಯಾಕೆ?

ಇದನ್ನೆಲ್ಲ ಕೇಳಿದವರು ಒಬ್ಬ ಮುನಿ. ಜಿನನಿಗೆ ಬದುಕನ್ನೇ ಒಪ್ಪಿಸಿದವರು. ಲೋಕಕ್ಕೂ ಕಾಲಕ್ಕೂ ಮೊದಲಿಲ್ಲ, ಕೊನೆಯಿಲ್ಲ, ಯಾರೂ ಅದನ್ನು ಮಾಡಿಲ್ಲ ಎಂಬುದು ಅವರ ಉತ್ತರ. ಪೂಜೆ, ವ್ರತ, ತಪಸ್ಸು ಎಲ್ಲ ಇದೆ, ಸೃಷ್ಟಿಕರ್ತ ಮಾತ್ರ ಇಲ್ಲ. ಆ ಗ್ರಂಥವನ್ನೇ ಮುಂದಿಟ್ಟುಕೊಂಡು ಪಂಪ 941ರಲ್ಲಿ ಕನ್ನಡದಲ್ಲಿ ಆದಿಪುರಾಣ ಬರೆದ. ನಮ್ಮ ಆದಿಕವಿಯ ಕಾವ್ಯದ ಹಿಂದೆ ಈ ಪ್ರಶ್ನೆಗಳನ್ನು ಕೇಳಿದ ಗುರು ಇದ್ದಾರೆ ಎಂಬುದನ್ನು ನಾವು ಮಕ್ಕಳಿಗೆ ಹೇಳುವುದೇ ಇಲ್ಲವಲ್ಲ ಎಂದು ನನಗೆ ಬಹಳ ಬೇಜಾರು.

ಇನ್ನೊಂದು ಕಡೆಯವರ ಮಾತನ್ನೂ ಮಕ್ಕಳಿಗೆ ಹೇಳಲೇಬೇಕು. ಮಡಕೆಗೆ ಕುಂಬಾರ ಇದ್ದ ಹಾಗೆ ಲೋಕಕ್ಕೆ ಕರ್ತನೊಬ್ಬ ಇರಲೇಬೇಕು ಎಂದು ವಾದ ಕಟ್ಟಿದವರು ನ್ಯಾಯ ದರ್ಶನದವರು, ಅಂದರೆ ತರ್ಕವನ್ನೇ ಮುಖ್ಯವಾಗಿ ಹಿಡಿದ ಪಂಥದವರು. ಅವರಲ್ಲಿ ದೊಡ್ಡ ಹೆಸರು ಮಿಥಿಲೆಯ ಉದಯನಾಚಾರ್ಯರದ್ದು. ‘ಹಾಗಾದರೆ ದೇವರಿಗೆ ಕರ್ತ ಯಾರು’ ಎಂದು ಕೇಳಿದರೆ ಆ ಕಡೆಯಿಂದ ಬರುವ ಉತ್ತರ ಇದು: ಎಲ್ಲದಕ್ಕೂ ಕರ್ತ ಬೇಕು ಎಂದು ನಾವು ಹೇಳಿಲ್ಲ, ಹುಟ್ಟಿದ್ದಕ್ಕೆ ಮಾತ್ರ ಬೇಕು, ದೇವರು ಹುಟ್ಟಿದವನಲ್ಲ. ಇದು ತೂಕದ ಉತ್ತರವೇ. ಆದರೆ ಲೋಕ ಒಂದು ದಿನ ಹುಟ್ಟಿತು ಎಂದು ನಿಮಗೆ ಹೇಗೆ ಗೊತ್ತು ಎಂದು ಜೈನರು, ವೇದದ ಕರ್ಮಗಳನ್ನು ವಿಚಾರಿಸುವ ಮೀಮಾಂಸಕರು ತಿರುಗಿ ಕೇಳಿದರು. ಈ ಜಗಳ ನೂರಾರು ವರ್ಷ ನಡೆಯಿತು. ಯಾರೂ ಯಾರನ್ನೂ ಅಧಿಕಪ್ರಸಂಗಿ ಎಂದು ಕೂರಿಸಲಿಲ್ಲ. ಎದುರಾಳಿಯ ವಾದವನ್ನು ಪೂರ್ತಿ ಹೇಳಿ, ಆಮೇಲೆ ಉತ್ತರ ಕೊಡುವುದು ಅಂದಿನ ಪದ್ಧತಿ.

ಇವರೆಲ್ಲರಿಗಿಂತ ಹಳೆಯದು ಋಗ್ವೇದ. ಅದರ ಹತ್ತನೇ ಮಂಡಲದ 129ನೇ ಸೂಕ್ತದಲ್ಲಿ ಏಳೇ ಮಂತ್ರಗಳು. ದೇವತೆಗಳು ಕೂಡ ಈ ಸೃಷ್ಟಿಯ ಈಚೆಗೆ ಬಂದವರು, ಹಾಗಿರುವಾಗ ಇದು ಎಲ್ಲಿಂದ ಬಂತು ಎಂದು ಬಲ್ಲವರು ಯಾರು ಎಂದು ಆರನೆಯದು ಕೇಳುತ್ತದೆ. ಪರಮ ಆಕಾಶದಲ್ಲಿದ್ದು ಇದನ್ನೆಲ್ಲ ನೋಡಿಕೊಳ್ಳುವವನು ಯಾರೋ ಅವನು ಬಲ್ಲ, ಅಥವಾ ಅವನೂ ಅರಿಯನೋ ಏನೋ ಎಂದು ಏಳನೆಯದು ಹೇಳಿ ನಿಂತುಬಿಡುತ್ತದೆ. ವೇದವೇ ಇಷ್ಟು ಧೈರ್ಯವಾಗಿ ಕೇಳಿರುವಾಗ ಎಂಟನೇ ತರಗತಿಯ ಮಗು ಕೇಳಿದರೆ ನಮಗೇಕೆ ಗಾಬರಿ?

ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುವ ಮಾತು ಈಗ ಬರುತ್ತದೆ. ದೇವರನ್ನು ತರ್ಕದಿಂದ ಸಾಧಿಸಿ ತೋರಿಸುತ್ತೇವೆ ಎನ್ನುವುದನ್ನು ನಮ್ಮ ಆಚಾರ್ಯರೇ ಒಪ್ಪಿರಲಿಲ್ಲ. ಮೇಲುಕೋಟೆಯಲ್ಲಿ ನೆಲೆಸಿದ್ದ ರಾಮಾನುಜರು ವೇದಾಂತದ ಮೂಲಗ್ರಂಥವಾದ ಬ್ರಹ್ಮಸೂತ್ರದ ಮೂರನೇ ಸೂತ್ರಕ್ಕೆ ಬರೆದ ಭಾಷ್ಯದಲ್ಲಿ ಆ ಕುಂಬಾರನ ವಾದವನ್ನು ಎಳೆಎಳೆಯಾಗಿ ಬಿಡಿಸುತ್ತಾರೆ. ಬೆಟ್ಟ, ಸಮುದ್ರ, ಭೂಮಿ ಎಲ್ಲ ಒಂದೇ ಸಲಕ್ಕೆ, ಒಬ್ಬನಿಂದಲೇ ಆದವು ಎನ್ನಲು ಏನು ಆಧಾರ? ದೊಡ್ಡ ಕಟ್ಟಡವನ್ನು ಹಲವರು ಸೇರಿ, ಬೇರೆ ಬೇರೆ ಕಾಲದಲ್ಲಿ ಕಟ್ಟುವುದನ್ನು ನಾವು ನೋಡುತ್ತೇವೆ. ನಾವು ಕಂಡ ಕರ್ತರಿಗೆಲ್ಲ ಮೈ ಇದೆ, ಕೈ ಇದೆ. ಇಂಥ ಲೆಕ್ಕದಿಂದ ಪರಬ್ರಹ್ಮ ಸಿಗುವುದಿಲ್ಲ, ಶಾಸ್ತ್ರದಿಂದ ಮಾತ್ರ ತಿಳಿಯುತ್ತದೆ ಎಂಬುದು ಅವರ ನಿಲುವು. ಉಡುಪಿಯ ಮಧ್ವಾಚಾರ್ಯರೂ ಅಷ್ಟೇ, ಹರಿಯನ್ನು ‘ಸದಾಗಮೈಕವಿಜ್ಞೇಯ’ ಎಂದರು. ಒಳ್ಳೆಯ ಆಗಮದಿಂದ, ಅಂದರೆ ಶಾಸ್ತ್ರದಿಂದಷ್ಟೇ ತಿಳಿಯಬಲ್ಲವನು. ಅವರ ಮತದಲ್ಲಿ ಜೀವರಿಗೂ ಪ್ರಕೃತಿಗೂ ಕೂಡ ಆದಿ ಇಲ್ಲ.

ಇದರ ಅರ್ಥ ಏನು? ‘ದೇವರನ್ನು ಮಾಡಿದ್ದು ಯಾರು’ ಎಂಬ ಪ್ರಶ್ನೆ ಕುಂಬಾರನ ವಾದವನ್ನು ಅಲುಗಾಡಿಸುತ್ತದೆ. ನಿಜ. ಆದರೆ ನಂಬಿಕೆ ಆ ವಾದದ ಮೇಲೆ ನಿಂತಿರಲೇ ಇಲ್ಲ. ಅಕ್ಕಮಹಾದೇವಿ ‘ಸಾವಿಲ್ಲದ ಕೇಡಿಲ್ಲದ ರೂಹಿಲ್ಲದ ಚೆಲುವ’ನಿಗೆ ಒಲಿದಳು. ಅದಕ್ಕೆ ಮೊದಲು ಅವನಿದ್ದಾನೆ ಎಂದು ಲೆಕ್ಕ ಹಾಕಿ ಸಾಬೀತು ಮಾಡಿಕೊಳ್ಳಲಿಲ್ಲ. ಹಾಗಾಗಿ ಭಕ್ತರು ಈ ಪ್ರಶ್ನೆಗೆ ಹೆದರಬೇಕಿಲ್ಲ. ದೇವರಿಲ್ಲ ಎನ್ನುವವರು ಇದೊಂದೇ ಪ್ರಶ್ನೆಯಿಂದ ಗೆದ್ದೆವು ಎಂದು ಹೊರಡಲೂ ಬೇಕಿಲ್ಲ. ಶಿಕ್ಷಕರಾದ ನೀವು ಮಕ್ಕಳಿಗೆ ಇಷ್ಟನ್ನು ಬಿಡಿಸಿ ಹೇಳಿದರೂ ದೊಡ್ಡ ಉಪಕಾರ.

ಈಗ ವಾಟ್ಸ್‌ಆ್ಯಪ್‌ನಲ್ಲಿ ಬರುವುದು ಬೇರೆಯೇ. ‘ವಿಜ್ಞಾನವೇ ದೇವರನ್ನು ಒಪ್ಪಿದೆ’ ಎನ್ನುವ ಸಂದೇಶಗಳು ದಿನಾ ಬರುತ್ತವೆ. 2012ರ ಜುಲೈನಲ್ಲಿ ಜಿನೀವಾ ಬಳಿಯ ಸರ್ನ್ ಪ್ರಯೋಗಾಲಯ ಹಿಗ್ಸ್ ಕಣ ಸಿಕ್ಕಿತು ಎಂದಾಗ ನಮ್ಮ ಟಿವಿಗಳು ‘ದೇವಕಣ’ ಎಂದು ಕೂಗಿದವು. ಆ ಕಣಕ್ಕೂ ದೇವರಿಗೂ ಸಂಬಂಧವಿಲ್ಲ. ಬೇರೆ ಕಣಗಳಿಗೆ ದ್ರವ್ಯರಾಶಿ ಹೇಗೆ ಬರುತ್ತದೆ ಎಂಬ ವಿಚಾರ ಅದು. ಸರ್ನ್ ಅಂಗಳದಲ್ಲಿ ನಟರಾಜನ ವಿಗ್ರಹ ಇದೆಯಲ್ಲ ಅಂತಾರೆ. ಇದೆ. 2004ರಲ್ಲಿ ಭಾರತ ಕೊಟ್ಟ ಉಡುಗೊರೆ. ಬಹಳ ಚೆಂದದ ಉಡುಗೊರೆ, ನೋಡಿದರೆ ಹೆಮ್ಮೆಯಾಗುತ್ತದೆ. ಆದರೆ ಉಡುಗೊರೆ ಪುರಾವೆ ಆಗುವುದಿಲ್ಲ.

ವಿಜ್ಞಾನವನ್ನೂ ನಂಬಿಕೆಯನ್ನೂ ಒಂದೇ ಬದುಕಿನಲ್ಲಿ ಹೇಗೆ ಇಟ್ಟುಕೊಳ್ಳಬಹುದು ಎಂದು ತೋರಿಸಿದ ಒಬ್ಬ ಮನುಷ್ಯನ ಕಥೆಯನ್ನು ನೀವು ತರಗತಿಯಲ್ಲಿ ಹೇಳಬೇಕು. ಹೆಸರು ಜಾರ್ಜ್ ಲಮೇತ್ರ್, ಬೆಲ್ಜಿಯಂನ ಭೌತವಿಜ್ಞಾನಿ. 1923ರಲ್ಲಿ ಕ್ಯಾಥೊಲಿಕ್ ಪಾದ್ರಿಯಾದರು. 1927ರಲ್ಲಿ ಬ್ರಹ್ಮಾಂಡ ಹಿಗ್ಗುತ್ತಿದೆ ಎಂದು ಐನ್‌ಸ್ಟೈನ್ ಸಮೀಕರಣಗಳಿಂದಲೇ ಲೆಕ್ಕ ಮಾಡಿ ಬರೆದರು. ಅದೇ ವರ್ಷ ಬ್ರಸೆಲ್ಸ್‌ನಲ್ಲಿ ಭೇಟಿಯಾದಾಗ ಐನ್‌ಸ್ಟೈನ್ ಲೆಕ್ಕ ಸರಿಯಿದೆ ಎಂದರು, ಆದರೆ ಭೌತಶಾಸ್ತ್ರ ಅಸಹ್ಯ ಎಂದುಬಿಟ್ಟರು. ಲಮೇತ್ರ್ ಬಿಡಲಿಲ್ಲ. ಹಿಗ್ಗುತ್ತಿದೆ ಎಂದರೆ ಹಿಂದೆ ಹೋದಂತೆ ಕುಗ್ಗಿರಬೇಕಲ್ಲ? 1931ರಲ್ಲಿ ಎಲ್ಲವೂ ಒಂದೇ ಮೂಲದಿಂದ ಶುರುವಾಗಿರಬಹುದು ಎಂಬ ಕಲ್ಪನೆಯನ್ನು ಮುಂದಿಟ್ಟರು. ಇವತ್ತು ನಾವು ಮಹಾಸ್ಫೋಟ ಎನ್ನುವ ಸಿದ್ಧಾಂತದ ಬೇರು ಅಲ್ಲಿದೆ.

ಪಾದ್ರಿಯೊಬ್ಬರು ‘ಲೋಕಕ್ಕೆ ಒಂದು ಆರಂಭ ಇತ್ತು’ ಎಂದರೆ ಜನ ಅನುಮಾನ ಪಡುವುದು ಸಹಜ. ಬ್ರಿಟನ್ನಿನ ಖಗೋಳ ವಿಜ್ಞಾನಿ ಫ್ರೆಡ್ ಹಾಯ್ಲ್ ಅದನ್ನು ಒಪ್ಪಲಿಲ್ಲ. ಬ್ರಹ್ಮಾಂಡಕ್ಕೆ ಆರಂಭವೇ ಇಲ್ಲ ಎಂಬ ಸಿದ್ಧಾಂತ ಅವರದು. ‘ಬಿಗ್ ಬ್ಯಾಂಗ್’ ಎಂಬ ಹೆಸರು 1949ರಲ್ಲಿ ರೇಡಿಯೊದಲ್ಲಿ ಮಾತಾಡುವಾಗ ಅವರ ಬಾಯಿಂದಲೇ ಬಂದದ್ದು. ನಮ್ಮ ದೇಶದ ಖಗೋಳ ವಿಜ್ಞಾನಿ ಜಯಂತ ನಾರ್ಳೀಕರ್ ಈ ಹಾಯ್ಲ್ ಅವರ ಶಿಷ್ಯರು. ಅತ್ತ 1951ರ ನವೆಂಬರ್‌ನಲ್ಲಿ ಪೋಪ್ 12ನೇ ಪಯಸ್ ಒಂದು ಭಾಷಣ ಮಾಡಿದರು. ‘ಬೆಳಕಾಗಲಿ’ ಎಂದು ದೇವರು ನುಡಿದ ಆ ಗಳಿಗೆಗೆ ಈಗ ವಿಜ್ಞಾನವೇ ಸಾಕ್ಷಿ ಹೇಳುತ್ತಿದೆ ಎಂಬ ಅರ್ಥದ ಮಾತು ಅದರಲ್ಲಿತ್ತು.

ಲಮೇತ್ರ್‌ಗೆ ಇದರಿಂದ ಖುಷಿಯಾಗಬೇಕಿತ್ತು, ಅಲ್ವಾ? ತಮ್ಮ ಸಿದ್ಧಾಂತ, ತಮ್ಮ ಧರ್ಮಗುರು. ಅವರಿಗೆ ಕಳವಳವಾಯಿತು. ವ್ಯಾಟಿಕನ್ ವೀಕ್ಷಣಾಲಯದ ನಿರ್ದೇಶಕರ ಜೊತೆ ಮಾತಾಡಿದರು, ಹೀಗೆ ಹೇಳುವುದು ಬೇಡ ಎಂದು ತಿಳಿಸಲು ಓಡಾಡಿದರು. ಮರುವರ್ಷ ರೋಮ್‌ನ ಸಮ್ಮೇಳನಕ್ಕೆ ಸೇರಿದ್ದ ಖಗೋಳ ವಿಜ್ಞಾನಿಗಳ ಮುಂದೆ ಮಾತಾಡಿದಾಗ ಪೋಪ್ ಆ ವಾದ ಎತ್ತಲಿಲ್ಲ. 1958ರಲ್ಲಿ ಲಮೇತ್ರ್ ಬಹಿರಂಗವಾಗಿಯೇ ಹೇಳಿದರು: ತಮ್ಮ ಸಿದ್ಧಾಂತ ಧಾರ್ಮಿಕ ಪ್ರಶ್ನೆಗಳಿಂದ ಪೂರ್ತಿ ಹೊರಗಿದೆ, ದೇವರಿಲ್ಲ ಎನ್ನುವವನಿಗೂ ಅದು ಅಡ್ಡಿ ಮಾಡುವುದಿಲ್ಲ. ಕೊರಳಿಗೆ ಪಾದ್ರಿಯ ಕಾಲರ್ ಹಾಕಿಕೊಂಡೇ ಇದ್ದ ಮನುಷ್ಯ ಹೇಳಿದ ಮಾತು ಇದು. ಅವರ ಭಕ್ತಿ ಕಡಿಮೆಯಿತ್ತು ಎಂದು ಯಾರೂ ಹೇಳಲಾರರು. ಇವತ್ತು ತಪ್ಪಬಹುದಾದ, ನಾಳೆ ತಿದ್ದಬೇಕಾಗಬಹುದಾದ ಒಂದು ಸಿದ್ಧಾಂತಕ್ಕೆ ದೇವರನ್ನು ಕಟ್ಟಿಹಾಕುವುದು ಅವರಿಗೆ ಬೇಕಿರಲಿಲ್ಲ.

ಲಮೇತ್ರ್, ಹಾಯ್ಲ್ ಇಬ್ಬರಲ್ಲಿ ಯಾರ ಮಾತು ಸರಿ ಎಂಬ ತೀರ್ಪು ಬಂದದ್ದು ಅಮೆರಿಕದ ನ್ಯೂಜೆರ್ಸಿಯಲ್ಲಿದ್ದ ಒಂದು ದೊಡ್ಡ ಕೊಂಬಿನಾಕಾರದ ಆ್ಯಂಟೆನಾದಿಂದ. ಪೆಂಝಿಯಾಸ್ ಮತ್ತು ವಿಲ್ಸನ್ ಎಂಬ ಇಬ್ಬರು ವಿಜ್ಞಾನಿಗಳಿಗೆ ಅದರಲ್ಲಿ ಒಂದು ಗುಂಯ್ ಸದ್ದು ನಿಲ್ಲುತ್ತಲೇ ಇರಲಿಲ್ಲ. ಯಾವ ಕಡೆ ತಿರುಗಿಸಿದರೂ ಅಷ್ಟೇ. ಒಳಗೆ ಪಾರಿವಾಳ ಗೂಡು ಕಟ್ಟಿದ್ದವು. ಅವನ್ನು ಓಡಿಸಿ, ಹಿಕ್ಕೆಯನ್ನೆಲ್ಲ ಉಜ್ಜಿ ತೆಗೆದರು. ಸದ್ದು ಹೋಗಲಿಲ್ಲ. ಬ್ರಹ್ಮಾಂಡ ಎಳೆಯದಾಗಿ ಕುದಿಯುತ್ತಿದ್ದ ಕಾಲದ ಶಾಖ ಆರುತ್ತಾ ಆರುತ್ತಾ ಉಳಿದದ್ದು ಅದು ಎಂದು 1965ರಲ್ಲಿ ಗೊತ್ತಾಯಿತು. ಲಮೇತ್ರ್ 1966ರ ಜೂನ್‌ನಲ್ಲಿ ತೀರಿಕೊಂಡರು. ಅದಕ್ಕೆ ಸ್ವಲ್ಪ ಮೊದಲು ಈ ಸುದ್ದಿ ಅವರಿಗೆ ಮುಟ್ಟಿತ್ತು. ಪಾದ್ರಿಯ ನಂಬಿಕೆಯಾಗಲಿ, ಹಾಯ್ಲ್ ಅವರ ಅಪನಂಬಿಕೆಯಾಗಲಿ ಇಲ್ಲಿ ಲೆಕ್ಕಕ್ಕೆ ಬರಲಿಲ್ಲ. ಅಳತೆ ಹೇಳಿದ್ದನ್ನು ಎಲ್ಲರೂ ಎದುರಿಸಬೇಕಾಯಿತು.

ಹಾಗಂತ ಮಹಾಸ್ಫೋಟ ಎಂದರೆ ‘ಏನೂ ಇಲ್ಲದ್ದರಿಂದ ಎಲ್ಲ ಬಂತು’ ಎಂದು ಸಾಬೀತಾಗಿದೆ ಎಂದು ಮಕ್ಕಳಿಗೆ ಹೇಳಬೇಡಿ. ಸುಮಾರು 1,380 ಕೋಟಿ ವರ್ಷದ ಹಿಂದೆ ಬ್ರಹ್ಮಾಂಡ ತುಂಬ ಬಿಸಿಯಾಗಿ, ತುಂಬ ಒತ್ತಾಗಿ ಇತ್ತು, ಅಲ್ಲಿಂದ ಹಿಗ್ಗುತ್ತಾ ತಣ್ಣಗಾಯಿತು. ಇಷ್ಟು ಗಟ್ಟಿ. ಅದಕ್ಕೂ ಹಿಂದಕ್ಕೆ ಹೋದರೆ ನಮ್ಮ ಕೈಯಲ್ಲಿರುವ ಸಮೀಕರಣಗಳು ಕೆಲಸ ಮಾಡುವುದಿಲ್ಲ. ‘ಅದಕ್ಕೂ ಮೊದಲು ಏನಿತ್ತು’ ಎಂದು ಮಗು ಕೇಳಿದರೆ ‘ಇನ್ನೂ ಯಾರಿಗೂ ಗೊತ್ತಿಲ್ಲ’ ಎನ್ನುವುದೇ ಸರಿಯುತ್ತರ. ಆ ಉತ್ತರ ಕೊಡಲು ಯಾವ ಶಿಕ್ಷಕರೂ ಸಂಕೋಚ ಪಡಬೇಕಿಲ್ಲ. ಆ ಖಾಲಿ ಜಾಗದಲ್ಲಿ ದೇವರನ್ನು ತಂದು ಕೂರಿಸುವ ಅವಸರವೂ ಬೇಡ. ನಾಳೆ ಅಲ್ಲಿಗೆ ವಿಜ್ಞಾನ ತಲುಪಿದರೆ ದೇವರನ್ನು ಎಬ್ಬಿಸಿ ಕಳಿಸುತ್ತೇವಾ?

ವಿಜ್ಞಾನ ಕೆಲಸ ಮಾಡುವ ರೀತಿಯನ್ನು ಮಕ್ಕಳಿಗೆ ತೋರಿಸಲು ದೂರ ಹೋಗಬೇಕಾಗಿಲ್ಲ. 2018ರಲ್ಲಿ ಅಮೆರಿಕದ ಒಂದು ತಂಡ ಪಶ್ಚಿಮ ಆಸ್ಟ್ರೇಲಿಯಾದಲ್ಲಿಟ್ಟ ಉಪಕರಣದಿಂದ ದೊಡ್ಡ ಸುದ್ದಿ ಕೊಟ್ಟಿತು. ಮಹಾಸ್ಫೋಟದ ನಂತರ ಸುಮಾರು 18 ಕೋಟಿ ವರ್ಷಕ್ಕೆ ಮೊದಲ ನಕ್ಷತ್ರಗಳು ಹೊತ್ತಿಕೊಂಡ ಗುರುತು ಸಿಕ್ಕಿದೆ ಎಂದು. ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯವರು ಅದನ್ನು ಹಾಗೇ ನಂಬಲಿಲ್ಲ, ಹಾಗೇ ತಳ್ಳಿಹಾಕಲೂ ಇಲ್ಲ. ಸರಸ್ ಎಂಬ ತಮ್ಮದೇ ರೇಡಿಯೊ ದೂರದರ್ಶಕದಿಂದ ತಾವೇ ಅಳೆದು ನೋಡಲು ಹೊರಟರು. ನೆಲದ ಮೇಲಿಟ್ಟರೆ ಅಡಿಯ ಮಣ್ಣು, ಕಲ್ಲಿನ ಪದರಗಳು ಅಳತೆ ಕೆಡಿಸುತ್ತವೆ. ನೀರಿನ ಮೇಲಾದರೆ ಆ ಕಾಟ ಕಡಿಮೆ. ಅದಕ್ಕೆ 2020ರ ಆರಂಭದಲ್ಲಿ ಆ ಯಂತ್ರವನ್ನು ತೆಪ್ಪದ ಮೇಲಿಟ್ಟು ದಂಡಿಗಾನಹಳ್ಳಿ ಕೆರೆಯಲ್ಲಿ, ಆಮೇಲೆ ಶರಾವತಿ ಹಿನ್ನೀರಿನಲ್ಲಿ ತೇಲಿಬಿಟ್ಟರು. 2022ರಲ್ಲಿ ಫಲಿತಾಂಶ ಪ್ರಕಟವಾಯಿತು: ಅವರು ಹೇಳಿದಂಥ ಗುರುತು ನಮಗೆ ಕಾಣುತ್ತಿಲ್ಲ, ನೂರಕ್ಕೆ 95ಕ್ಕೂ ಹೆಚ್ಚು ಖಚಿತವಾಗಿ ಹೇಳುತ್ತೇವೆ. ಒಂದು ಮಾತು ನಿಜವೋ ಸುಳ್ಳೋ ಎಂದು ನೋಡಲು ತೆಪ್ಪ ಕಟ್ಟಿಕೊಂಡು ನೀರಿಗಿಳಿದರಲ್ಲ, ಅದೇ ವಿಜ್ಞಾನ. ಶಿವಮೊಗ್ಗ, ಚಿಕ್ಕಬಳ್ಳಾಪುರದ ಶಾಲೆಗಳಲ್ಲಾದರೂ ಇದನ್ನು ಕಥೆಯಂತೆ ಹೇಳಿ. ಮಕ್ಕಳು ನೋಡಿದ ನೀರು ಅದು.

ಇನ್ನೊಂದು ವಿಷಯ. ದೇವರಿಗೆ ಹುಟ್ಟು ಇದೆಯೋ ಇಲ್ಲವೋ, ನಾವು ಕಟ್ಟಿಕೊಂಡ ದೇವರ ಗುಡಿಗಳಿಗಂತೂ ಹುಟ್ಟು ಇದೆ. ಕೆಲವಕ್ಕೆ ಇಸವಿಯೂ ಗೊತ್ತಿದೆ. 1898ರ ಆಗಸ್ಟ್‌ನಲ್ಲಿ ಬೆಂಗಳೂರಿಗೆ ಪ್ಲೇಗ್ ಬಂತು. ಇಲಿ ಬಿದ್ದ ಮನೆ ಬಿಟ್ಟು ಜನ ಬಯಲಿಗೆ ಓಡಿದರು. ಆ ಹೊತ್ತಿನಲ್ಲಿ ಬಂದವಳು ಪ್ಲೇಗ್ ಮಾರಮ್ಮ, ಪ್ಲೇಗಮ್ಮ. ಬೆಂಗಳೂರಿನಲ್ಲಿ ಇವತ್ತಿಗೂ ಅವಳ ಗುಡಿಗಳಿವೆ, ಈಗಲೂ ಅವಳಿಗೆ ಅರಿಶಿನ, ಕುಂಕುಮ, ನಿಂಬೆಹಣ್ಣಿನ ಹಾರ ನಡೆಯುತ್ತದೆ. ಆ ಹೆಸರನ್ನು ಕೇಳಿ ನಗುವವರಿದ್ದಾರೆ. ನನಗೆ ನಗು ಬರುವುದಿಲ್ಲ. ಒಂದೇ ವಾರದಲ್ಲಿ ಮಕ್ಕಳನ್ನು ಕಳೆದುಕೊಂಡ ತಾಯಿ ಎಲ್ಲಿ ಹೋಗಿ ಅಳಬೇಕಿತ್ತು? ಅವಳಿಗೆ ಒಂದು ಅಮ್ಮ ಬೇಕಿತ್ತು.

ಅದೇ ವರ್ಷಗಳಲ್ಲಿ ಇನ್ನೊಂದು ಕೆಲಸವೂ ನಡೆದಿತ್ತು. ಯೆರ್ಸಿನ್ ಎಂಬ ವೈದ್ಯರು 1894ರಲ್ಲಿ ಹಾಂಗ್‌ಕಾಂಗ್‌ನಲ್ಲಿ ಪ್ಲೇಗಿನ ಬ್ಯಾಕ್ಟೀರಿಯಾ ಕಂಡುಹಿಡಿದರು. 1897ರಲ್ಲಿ ಹಾಫ್‌ಕಿನ್ ಮುಂಬೈಯಲ್ಲಿ ಲಸಿಕೆ ಮಾಡಿ ಮೊದಲು ತಮಗೇ ಚುಚ್ಚಿಕೊಂಡರು. 1898ರಲ್ಲಿ ಸಿಮೊನ್ ಕರಾಚಿಯಲ್ಲಿ ಪ್ರಯೋಗ ಮಾಡಿ, ಇಲಿಯ ಮೈಮೇಲಿನ ಚಿಗಟವೇ ರೋಗ ಹರಡುವುದು ಎಂದು ತೋರಿಸಿದರು. ಬೆಂಗಳೂರಿನ ಇಕ್ಕಟ್ಟಾದ ಪೇಟೆಯಿಂದ ಜನರನ್ನು ಆಚೆ ತರಲು ಬಸವನಗುಡಿ, ಮಲ್ಲೇಶ್ವರ ಬೆಳೆದವು. ಅಗಲ ರಸ್ತೆ, ಗಾಳಿ, ಬೆಳಕು. ಪ್ಲೇಗಮ್ಮ ಆ ತಾಯಿಯ ದುಃಖ ಹೊತ್ತಳು. ರೋಗವನ್ನು ಎದುರಿಸಿದ್ದು ಲಸಿಕೆ ಮತ್ತು ಗಾಳಿ ಬೆಳಕಿನ ಮನೆಗಳು. ಅವಳ ಗುಡಿಗೆ ಹೋದವರು ಲಸಿಕೆ ಹಾಕಿಸಿಕೊಳ್ಳಬಾರದು ಅಂತೇನೂ ಇಲ್ಲವಲ್ಲ. ಪ್ಲೇಗು ಹೋಯಿತು, ಅಮ್ಮ ಉಳಿದಳು. ಯಾರಿಗೂ ಅದರಿಂದ ತೊಂದರೆ ಇಲ್ಲ.

ತೊಂದರೆ ಇರುವುದು ಎಲ್ಲಿ ಎಂದು ಹೇಳುತ್ತೇನೆ. 2019ರ ಡಿಸೆಂಬರ್ 26ರಂದು ಸೂರ್ಯಗ್ರಹಣ. ಮಂಗಳೂರು, ಕೊಡಗಿನ ಕಡೆ ಜನ ಕಂಕಣ ಗ್ರಹಣ ನೋಡಲು ಸೇರಿದ್ದರು. ಅದೇ ಬೆಳಿಗ್ಗೆ ಕಲಬುರಗಿ ಪಕ್ಕದ ತಾಜಸುಲ್ತಾನಪುರದಲ್ಲಿ ಅಂಗವಿಕಲ ಮಕ್ಕಳನ್ನು ಕುತ್ತಿಗೆವರೆಗೆ ಮಣ್ಣಿನಲ್ಲಿ ಹೂತು ನಿಲ್ಲಿಸಿದ್ದರು. ಗ್ರಹಣದ ಹೊತ್ತಿನಲ್ಲಿ ಹೀಗೆ ಹೂತರೆ ಅಂಗವೈಕಲ್ಯ ವಾಸಿಯಾಗುತ್ತದೆ ಎಂಬ ನಂಬಿಕೆ. ಪೇಪರಿನಲ್ಲಿ, ಟಿವಿಯಲ್ಲಿ ಚಿತ್ರ ಬಂತು. ನೆಲದ ಮೇಲೆ ಬರೀ ತಲೆಗಳು. ಆ ತಾಯಂದಿರನ್ನು ನಾನು ಬೈಯುವುದಿಲ್ಲ. ಹತ್ತಿರದಲ್ಲಿ ವ್ಯಾಯಾಮ ಚಿಕಿತ್ಸೆ ಕೊಡುವವರಿಲ್ಲ, ಕೈಯಲ್ಲಿ ದುಡ್ಡಿಲ್ಲ, ಮಗುವಿಗೆ ಏನಾದರೂ ಮಾಡಲೇಬೇಕು ಎನ್ನುವ ಸಂಕಟ. ಆದರೆ ಮಳಖೇಡ ಇರುವ ಜಿಲ್ಲೆಯಲ್ಲೇ ಇದು ನಡೆಯಿತು. ಒಂದು ಸಾವಿರ ವರ್ಷಕ್ಕೂ ಹಿಂದೆ ದೇವರನ್ನೇ ‘ನೀನು ಎಲ್ಲಿ ನಿಂತಿದ್ದೆ’ ಎಂದು ಕೇಳಿದ ನೆಲದಲ್ಲಿ, ‘ಈ ಮಣ್ಣಿನಿಂದ ಯಾವ ಮಗುವಿನ ಕಾಲು ಸರಿಹೋಗಿದೆ, ತೋರಿಸಿ’ ಎಂದು ಕೇಳುವವರು ಅವತ್ತು ಒಬ್ಬರೂ ಇರಲಿಲ್ಲವಾ? ಇದು ನನ್ನನ್ನು ಇವತ್ತಿಗೂ ಕಾಡುತ್ತದೆ.

ಗೆರೆ ಎಳೆಯಬೇಕಾದ್ದು ಇಲ್ಲೇ ಎಂದು ನನ್ನ ಅಭಿಪ್ರಾಯ. ದೇವರಿಗೆ ಆದಿ ಇಲ್ಲ ಎಂದು ನಾನು ನಂಬಿದರೆ ಅದನ್ನು ಅಳೆಯುವ ಯಂತ್ರ ಯಾವ ಪ್ರಯೋಗಾಲಯದಲ್ಲೂ ಇಲ್ಲ. ಆ ನಂಬಿಕೆಯನ್ನು ವಿಜ್ಞಾನದ ನೋಟ್‌ಬುಕ್ಕಿನಲ್ಲಿ ಬರೆಸುವ ಹಕ್ಕು ನನಗೂ ಇಲ್ಲ. ಗ್ರಹಣದ ಮಣ್ಣು ಕಾಲಿಗೆ ಬಲ ಕೊಡುತ್ತದೆ ಎನ್ನುವುದು ಹಾಗಲ್ಲ. ಅದು ಈ ಲೋಕದ ಬಗ್ಗೆ ಹೇಳಿದ ಮಾತು. ಕಣ್ಣೆದುರೇ ಪರೀಕ್ಷೆ ಮಾಡಬಹುದು, ಮಾಡಲೇಬೇಕು. ಅಂಥ ಮಾತು ದೇವರ ಹೆಸರಿನಲ್ಲಿ ಬಂದರೂ ಬಿಡಬಾರದು. ದೇವರ ಹೆಸರಿನಲ್ಲಿ ಬಂದರೆ ಭಕ್ತರೇ ಮೊದಲು ಕೇಳಬೇಕು. ‘ಅರಗು ತಿಂದು ಕರಗುವ ದೈವವನೆಂತು ಸರಿಯೆಂಬೆನಯ್ಯಾ’ ಎಂದು ಕೇಳಿದ ಬಸವಣ್ಣನವರಿಗಿಂತ ದೊಡ್ಡ ಭಕ್ತರು ನಾವಲ್ಲವಲ್ಲ.

ಎಚ್. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲಿ, ಪವಾಡಗಳನ್ನು ಪರೀಕ್ಷಿಸಲು ಒಂದು ಸಮಿತಿ ಮಾಡಿದ್ದರು. ಗೌರಿಬಿದನೂರು ಕಡೆಯ ಬಡ ಕುಟುಂಬದಿಂದ ಬಂದವರು, ಅಮೆರಿಕದಲ್ಲಿ ನ್ಯೂಕ್ಲಿಯರ್ ಭೌತಶಾಸ್ತ್ರ ಓದಿದವರು, ಖಾದಿ ಉಟ್ಟು ಹಾಸ್ಟೆಲ್ ಕೋಣೆಯಲ್ಲೇ ಬಾಳಿದವರು. ಪರೀಕ್ಷೆಗೆ ಸಿಗುವ ಮಾತನ್ನು ಪರೀಕ್ಷೆ ಮಾಡೋಣ ಎಂದಷ್ಟೇ ಅವರು ಕೇಳಿದ್ದು. ಅದೇ ವರ್ಷದ 42ನೇ ತಿದ್ದುಪಡಿಯಿಂದ ಸಂವಿಧಾನಕ್ಕೆ 51ಎ ವಿಧಿ ಸೇರಿತು. ವೈಜ್ಞಾನಿಕ ಮನೋಭಾವ, ಮಾನವೀಯತೆ, ಪ್ರಶ್ನಿಸುವ ಗುಣ ಬೆಳೆಸಿಕೊಳ್ಳುವುದು ಪ್ರತಿ ನಾಗರಿಕರ ಕರ್ತವ್ಯ ಎಂದು ಅದರಲ್ಲಿ ಇದೆ. ಮಾನವೀಯತೆಯೂ ಅದೇ ಸಾಲಿನಲ್ಲಿದೆ ಎಂಬುದು ನನಗೆ ಇಷ್ಟ. ಮಗುವಿನ ಅಜ್ಜಿಯ ನಂಬಿಕೆಯನ್ನು ಗೇಲಿ ಮಾಡಿ ವಿಜ್ಞಾನ ಕಲಿಸಬೇಕಾಗಿಲ್ಲ.

ನಿಮ್ಮ ಕಷ್ಟವೂ ಗೊತ್ತಿದೆ. ಸಿಲಬಸ್ ಮುಗಿಸಬೇಕು, ಪರೀಕ್ಷೆಯ ಫಲಿತಾಂಶ ತೋರಿಸಬೇಕು. ದೇವರ ಮಾತೆತ್ತಿದರೆ ನಾಳೆ ಯಾರೋ ಪೋಷಕರು ಬಂದು ಗಲಾಟೆ ಮಾಡುತ್ತಾರೆ ಎಂಬ ಭಯ. ಈ ಭಯ ಸುಳ್ಳಲ್ಲ. ಆದ್ದರಿಂದಲೇ ಪೋಷಕಳಾಗಿ ಬಹಿರಂಗವಾಗಿ ಬರೆಯುತ್ತಿದ್ದೇನೆ. ನನ್ನಂಥವರು ಊರೂರಲ್ಲಿ ಇದ್ದೇವೆ, ನಿಮ್ಮ ಪರವಾಗಿ ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಸಭೆಯಲ್ಲಿ ಎದ್ದು ಮಾತಾಡುತ್ತೇವೆ. ನೀವು ಮಕ್ಕಳಿಗೆ ದೇವರಿದ್ದಾನೆ ಎಂದೂ ಹೇಳಬೇಡಿ, ಇಲ್ಲ ಎಂದೂ ಹೇಳಬೇಡಿ. ಅದು ಮನೆಯಲ್ಲಿ, ಮನಸ್ಸಿನಲ್ಲಿ ತೀರ್ಮಾನವಾಗಲಿ. ಆ ಪ್ರಶ್ನೆ ಬಂದ ದಿನ ಒಂದು ಪೀರಿಯಡ್ ಬಿಡಿ. ಜಿನಸೇನರು ಕೇಳಿದ್ದನ್ನು ಹೇಳಿ, ಉದಯನರ ಉತ್ತರ ಹೇಳಿ, ವೇದದ ಆ ಏಳು ಮಂತ್ರ ಓದಿಸಿ, ಪಾದ್ರಿ ಲಮೇತ್ರ್ ಕಥೆ ಹೇಳಿ. ಕನ್ನಡ ಮೇಷ್ಟ್ರನ್ನೂ ತರಗತಿಗೆ ಕರೆದುಕೊಳ್ಳಿ, ಪಂಪನ ಮಾತು ಅವರು ನೋಡಿಕೊಳ್ಳುತ್ತಾರೆ. ಆಮೇಲೆ ಮಕ್ಕಳೇ ಎರಡು ಗುಂಪಾಗಿ ವಾದ ಮಾಡಲಿ. ಒಂದೇ ನಿಯಮ: ಎದುರಿನವರ ವಾದವನ್ನು ಅವರು ಒಪ್ಪುವ ಹಾಗೆ ಹೇಳಿ ತೋರಿಸಿದ ಮೇಲೆಯೇ ತನ್ನ ಉತ್ತರ.

ಇನ್ನೊಂದು ಕೆಲಸಕ್ಕೆ ಈಗಲೇ ತಾರೀಕು ಹಾಕಿಕೊಳ್ಳಿ. 2027ರ ಆಗಸ್ಟ್ 2, ಸೋಮವಾರ. ಅವತ್ತು ಈಜಿಪ್ಟ್ ಕಡೆ ಪೂರ್ಣ ಸೂರ್ಯಗ್ರಹಣ. ನಮ್ಮಲ್ಲಿ ಸಂಜೆ ಹೊತ್ತಿಗೆ ಭಾಗಶಃ ಕಾಣಲಿದೆ. ಮಳೆಗಾಲದ ಹೊತ್ತು, ಮೋಡ ಅಡ್ಡ ಬಂದರೂ ಬರಬಹುದು. ಆದರೂ ಮಕ್ಕಳನ್ನು ಬೇಗ ಮನೆಗೆ ಕಳಿಸಿ ಬಾಗಿಲು ಹಾಕಿಸಬೇಡಿ. ಗ್ರಹಣದ ಕನ್ನಡಕ ತರಿಸಿಡಿ. ಬರಿಗಣ್ಣಲ್ಲಿ ನೋಡಬಾರದು, ಹಳೆ ಎಕ್ಸ್‌ರೇ ಫಿಲ್ಮೂ ಬೇಡ ಎಂದು ಹೇಳಿಕೊಡಿ. ಕನ್ನಡಕ ಸಿಗದಿದ್ದರೆ ಅಡುಗೆಮನೆಯ ಜರಡಿ ಸಾಕು. ಬಿಸಿಲಿಗೆ ಹಿಡಿದರೆ ಅದರ ಒಂದೊಂದು ತೂತಿನಿಂದಲೂ ಕಚ್ಚಿದ ಆಕಾರದ ಸೂರ್ಯ ನೆಲದ ಮೇಲೆ ಬೀಳುತ್ತಾನೆ. ಅಂಗವಿಕಲ ಮಕ್ಕಳಿದ್ದರೆ ಅವರನ್ನು ಎಲ್ಲರಿಗಿಂತ ಮುಂದೆ ಕೂರಿಸಿ, ಅವರ ಅಪ್ಪ ಅಮ್ಮನನ್ನೂ ಕರೆಯಿರಿ. ಪೂಜೆ, ಸ್ನಾನ ಮಾಡುವವರು ಮನೆಗೆ ಹೋಗಿ ಮಾಡಿಕೊಳ್ಳಲಿ, ಅದಕ್ಕೆ ಯಾರ ಅಡ್ಡಿಯೂ ಇಲ್ಲ. ಆ ವರ್ಷದ ಶಾಲಾ ಕ್ರಿಯಾಯೋಜನೆ ಬರೆಯುವಾಗ ಈ ದಿನವನ್ನು ಸೇರಿಸಿ ಎಂದು ನಿಮ್ಮ ಮುಖ್ಯೋಪಾಧ್ಯಾಯರಿಗೆ ಇವತ್ತೇ ಹೇಳಿಡಿ.

ಇತಿ ನಿಮ್ಮ ವಿಶ್ವಾಸಿ,
ಸೇಡಂ ತಾಲ್ಲೂಕಿನ ಒಬ್ಬ ತಾಯಿ